ಒಂದು ಕಪಾಟು, ಮೂರು ಸುತ್ತಿಗೆ

ಮನೆಗೆ ಸುತ್ತಿಗೆ ತರುವುದು ಒಮ್ಮೆ ಮಾಡಿ ಮುಗಿಸುವ ಕೆಲಸವೆಂದು ತಿಳಿದವರು ಸುಖಿಗಳು. ನನಗೆ ಅದು ನೆಗಡಿ ಇದ್ದಂತೆ. ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬಂದಿರುತ್ತದೆ.

ಈ ಸಲ ಗಡುವೂ ಇತ್ತು. ನಾನು ಮೂಡಲಗಿಯಲ್ಲಿ ಮಾಸ್ತರ. ಪುಸ್ತಕ ಕೂಡಿಹಾಕುವ ಚಟ. ಪಡಸಾಲೆಯ ಮಂಚ ಪುಸ್ತಕಗಳ ಪಾಲಾಗಿ ಎಷ್ಟೋ ಕಾಲವಾಗಿತ್ತು. ದಸರೆಗೆ ಹೆಂಡತಿಯ ಅಕ್ಕ ಬರುವವರಿದ್ದರು.

“ಅಕ್ಕ ಬರೂದ್ರಾಗ ಕಾಟ್ ಖಾಲಿ ಆಗಬೇಕ್ರಿ. ಇಲ್ಲಂದ್ರ ರದ್ದಿಯವನ್ನ ಕರಸತೇನಿ,” ಎಂದಳು ಹೆಂಡತಿ.

ಅವಳು ಸುಮ್ಮನೆ ಹೆದರಿಸುವವಳಲ್ಲ. ಕಪಾಟು ನಾನೇ ಮಾಡುವುದೆಂದು ಹಲಗೆ ಕೊಯ್ಯಿಸಿ ತಂದೆ. ಇನ್ನು ಬೇಕಾದದ್ದು ಒಂದು ಸುತ್ತಿಗೆ: ಮುಂದಿನಿಂದ ಮೊಳೆ ಹೊಡೆಯಬೇಕು, ಹಿಂದಿನ ಎರಡು ಕೊಂಬಿನಿಂದ ಮೊಳೆ ಕೀಳಬೇಕು. ನನ್ನಂಥವನಿಗೆ ಎರಡನೆಯದೇ ಮುಖ್ಯ.

ಗೋಕಾಕದ್ದು

ಗೋಕಾಕದ ಪೇಟೆಯಲ್ಲಿ ಅಂಗಡಿಯವ ಸುತ್ತಿಗೆಯನ್ನು ಕರದಂಟು ಬಿಚ್ಚಿದ ಹಾಗೆ ಹಾಳೆಯಿಂದ ಬಿಚ್ಚಿ ಕೊಟ್ಟ. ಕನ್ನಡಿಯಂಥ ತಲೆ, ಕೆಂಪು ರಬ್ಬರಿನ ಹಿಡಿಕೆ.

“ಗಟ್ಟಿ ಐತೇನ್ರಿ?”

“ನಿಮ್ಮ ಮೊಮ್ಮಕ್ಕಳು ಬಳಸ್ತಾರ ನೋಡ್ರಿ, ಸರ್ರ.”

ಮನೆಗೆ ತಂದು ಹೊಡೆದ ಮೂರನೆಯ ಪೆಟ್ಟಿಗೆ ತಲೆ ಹಿಡಿಕೆಯನ್ನು ಬಿಟ್ಟು ಕಿಟಕಿಯಿಂದ ಹಾರಿತು. ಪಕ್ಕದ ಮನೆಯ ಕಾಕಾ ಅಂಗಳದಲ್ಲಿ ಶೇಂಗಾ ಒಣಹಾಕಿ ಕಾಯುತ್ತಿದ್ದರು. ರಾಶಿಯಲ್ಲಿ ಬಿದ್ದ ತಲೆಯನ್ನು ಎತ್ತಿ ನೋಡಿ ಗೋಡೆಯ ಆಚೆಯಿಂದಲೇ ಕೂಗಿದರು: “ಸರ್ರ, ಹಕ್ಕಿ ಓಡಸಾಕ ಕಲ್ಲ ಸಾಕಾಗತಿತ್ತಲ್ರಿ!”

ಎರಡು ತುಂಡನ್ನೂ ಅಂಗಡಿಗೆ ಒಯ್ದೆ.

“ಏನ ಮಾಡಿದ್ರಿ ಇದಕ್ಕ?”

“ಮೊಳಿ ಹೊಡದೆ.”

ಅಂಗಡಿಯವನ ಮುಖದಲ್ಲಿ ಮರುಕ ಕಂಡಿತು. “ಇದು ಮನ್ಯಾಗ ಇಡೂದ್ರಿ ಸರ್ರ. ಹೊಡಿಯೂದು ಬೇಕಂದ್ರ ಮೊದಲ ಹೇಳಬೇಕಿಲ್ಲೋ?”

ಮೂಡಲಗಿಯದ್ದು

ಎರಡನೆಯದನ್ನು ಊರಲ್ಲೇ ಕೊಂಡೆ. ತಲೆಯೂ ಹಿಡಿಕೆಯೂ ಒಂದೇ ಉಕ್ಕಿನಿಂದ ಬಡಿದದ್ದು. ಬೇರೆಯಾಗುವುದಕ್ಕೆ ಜೋಡಣೆಯೇ ಇಲ್ಲ. ಇದಕ್ಕೆ ಸಾವಿಲ್ಲ ಎಂದುಕೊಂಡೆ. ಸಾವಿಲ್ಲದ್ದಕ್ಕೂ ಬೇರೆ ಗತಿಗಳಿವೆ ಎಂಬುದು ಹೊಳೆಯಲಿಲ್ಲ.

ಅದೇ ಸಂಜೆ ಕಾಕಾ ಬಂದರು. “ಕ್ಯಾಲೆಂಡರಿಂದು ಒಂದ ಮೊಳಿ ಐತ್ರಿ. ಈಗ ಒಯ್ದೆ, ಈಗ ತಂದೆ.”

ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಕೇಳಿ ಒಯ್ದ ಸಾಮಾನನ್ನು ಒಡೆಯನಿಗೆ ತಿರುಗಿ ಕೊಡುವುದಿಲ್ಲ. ಮುಂದೆ ಯಾರು ಕೇಳುತ್ತಾರೋ ಅವರಿಗೆ ಕೊಡುತ್ತಾರೆ. ವಾರ ಬಿಟ್ಟು ಹೋದಾಗ ಕಾಕಾ ಹಿಟ್ಟಿನ ಗಿರಣಿಯ ಕಡೆ ಕೈ ತೋರಿಸಿದರು. ಗಿರಣಿಯವರು ಟೇಲರನ ಕಡೆ ತೋರಿಸಿದರು. ಟೇಲರ್ ಓಣಿಯ ತುದಿಯಲ್ಲಿ ಎಮ್ಮೆ ಸಾಕಿದ ಮುದುಕಿಯ ಕಡೆ ತೋರಿಸಿದ.

ಅಲ್ಲಿ ನನ್ನ ಸುತ್ತಿಗೆಯ ಹಿಡಿಕೆ ಪೂರ್ತಿ ನೆಲದೊಳಗಿತ್ತು. ಮೇಲುಳಿದ ಕೊಂಬಿಗೆ ಎಮ್ಮೆಯ ಹಗ್ಗ ಸುತ್ತಿತ್ತು.

“ಅವ್ವಾ, ಈ ಸುತ್ತಿಗಿ…”

“ಎಷ್ಟ ಚಲೋ ಐತಿ ನೋಡಪಾ ಮಾಸ್ತರ! ಎಮ್ಮಿ ಎಳದ್ರೂ ಅಳಗ್ಯಾಡಂಗಿಲ್ಲ.”

“ಅದು ನನಗ ಬೇಕಾಗಿತ್ತು.”

ಅವಳು ಎಮ್ಮೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಒಯ್ಯಪಾ, ನೆರಿಮನಿಯವರು ಕೇಳಿದ್ರ ಇಲ್ಲನ್ನಾಕ ಬರ್ತೈತೇನ? ಹಾಲ ಹಿಂಡೂ ಹೊತ್ತಿಗೆ ಮಾತ್ರ ತಂದ ಕೊಡು.”

ಎಮ್ಮೆಗೇ ಬಿಟ್ಟು ಬಂದೆ.

ಹುಕ್ಕೇರಿಯದ್ದು

ಹುಕ್ಕೇರಿಯಲ್ಲಿರುವ ನನ್ನ ಮಾವ ದನದ ಪೇಟೆಯಲ್ಲಿ ದಲಾಲಿ ಮಾಡಿ ಮುದುಕರಾದವರು. ನನ್ನ ಕತೆ ಕೇಳಿ, “ನೀವು ಮೈಬಣ್ಣ ನೋಡಿ ತರತೀರಿ, ಅಳಿಯಾರ. ನಡೀರಿ ನನ್ನ ಕೂಡ,” ಎಂದರು.

ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಮುದಿ ಸಾಹೇಬರೊಬ್ಬರು ಕೂತಿದ್ದರು. ಮಾವ ಸುತ್ತಿಗೆಗಳನ್ನೆಲ್ಲ ಸಾಲಾಗಿ ಇಡಿಸಿ ಸುತ್ತು ಹಾಕಿದರು. ಒಂದರ ಹಿಡಿಕೆಯಲ್ಲಿ ಮರದ ಎಳೆ ಅಡ್ಡ ಹರಿದಿತ್ತು. “ಬೆನ್ನ ಸೊಟ್ಟ.” ಇನ್ನೊಂದರ ತಲೆ ಹಿಡಿದು ಅಲುಗಿಸಿದರು, ಕಟಕ್ ಎಂದಿತು. “ಹಲ್ಲ ಅಳಗ್ಯಾಡ್ತಾವ, ವಯಸ್ಸ ಆಗೇತಿ.” ಮತ್ತೊಂದರ ಕೊಂಬಿನ ಸಂದಿಗೆ ಸಣ್ಣ ಮೊಳೆ ಸಿಕ್ಕಿಸಿದರು, ಜಾರಿತು. “ಕೊಂಬ ಅದಾವ, ಹಾಯೂ ಬುದ್ಧಿ ಇಲ್ಲ.” ಕೊನೆಗೆ ಒಂದರ ಬೆನ್ನು ಚಪ್ಪರಿಸಿ ನಿಂತರು.

ಆಮೇಲೆ ಹೆಗಲ ಮೇಲಿನ ವಲ್ಲಿ ತೆಗೆದು ಸಾಹೇಬರ ಕೈಮೇಲೆ ಹಾಸಿ, ಅದರ ಅಡಿಯಲ್ಲಿ ಬೆರಳು ಹಿಡಿದರು. ಎತ್ತಿನ ವ್ಯಾಪಾರದಲ್ಲಿ ದರ ಮಾತಾಡುವುದು ಬಾಯಿಯಿಂದಲ್ಲ, ಹೀಗೆ. ಗೋಡೆಯ ಮೇಲೆ ‘ಒಂದೇ ದರ’ ಎಂದು ಬರೆದಿತ್ತು. ಸಾಹೇಬರು ಅದಕ್ಕೆ ಬೆನ್ನು ತಿರುಗಿಸಿ ಕೂತರು. ಬಹುಶಃ ಅವರೂ ಒಂದು ಕಾಲಕ್ಕೆ ಆಡು ಮಾರಿದವರಿರಬೇಕು. ವಲ್ಲಿ ಬಹಳ ಹೊತ್ತು ಅಲುಗಾಡಿತು. ಒಮ್ಮೆ ಮಾವ ಸಿಟ್ಟಿನಿಂದ ಎದ್ದು ಹೊರಟೂ ನೋಡಿದರು. ಕೊನೆಗೆ ಇಬ್ಬರೂ ನಕ್ಕು ಕೈ ಬಿಟ್ಟರು.

“ಎಷ್ಟಕ್ಕ ಮುಗೀತ್ರಿ, ಮಾವಾರ?” ಎಂದೆ.

ಇಬ್ಬರು ಮುದುಕರೂ ನನ್ನತ್ತ ತಿರುಗಿದರು. ನಾನೇನೋ ಹೊಲಸು ಮಾತಾಡಿದಂತಿತ್ತು ಅವರ ನೋಟ.

“ಬಾಯಿಲೆ ಹೇಳೂದಿದ್ರ ವಲ್ಲಿ ಯಾಕ ಬೇಕಿತ್ರಿ?” ಎಂದರು ಮಾವ. “ಪಾಕೀಟ ಇಲ್ಲೆ ಕೊಡ್ರಿ.”

ಪೂಜೆ

ಆ ಸುತ್ತಿಗೆ ಮನೆಗೆ ಬಂದದ್ದು ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ. ಹಲಗೆ ಜೋಡಿಸಿ ಮೊಳೆ ಹಿಡಿದೆ.

“ತಡೀರಿ!” ಎಂದಳು ಹೆಂಡತಿ. “ಹೊಸಾದು. ನಾಳೆ ಪೂಜಿ ಆಗೂತನಾ ಮುಟ್ಟಬ್ಯಾಡ್ರಿ.”

“ಪೂಜಿ ಆದಮ್ಯಾಲ?”

“ಪೂಜಿಗಿ ಇಟ್ಟದ್ದನ್ನ ದಸರಾಕ್ಕ ಎತ್ತೂದು.”

“ದಸರಾಕ್ಕ ಮುಂಜಾನೆ ನಿಮ್ಮ ಅಕ್ಕ ಬರ್ತಾರ.”

“ಅದಕ್ಕ ರದ್ದಿಯವಗ ಹೇಳೇನಿ. ಅಕ್ಕ ಬರೂಕಿಂತ ಮೊದಲ ಬಂದ ಒಯ್ತಾನ.”

ವಾದ ಮಾಡುವ ಅಭ್ಯಾಸ ನನಗಿಲ್ಲ. ಮರುದಿನ ಅವಳು ಸುತ್ತಿಗೆ, ಈಳಿಗೆ, ಮಿಕ್ಸರ್, ನನ್ನ ಸ್ಕೂಟರ್ ಎಲ್ಲಕ್ಕೂ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು, ವಾಡಿಕೆಯಂತೆ ಕೇಳಿದಳು: “ಮತ್ತೇನರ ಉಳದೈತೇನ್ರಿ?”

“ಮಾಸ್ತರನ ಆಯುಧ ಉಳದಾವ,” ಎಂದು ಮಂಚ ತೋರಿಸಿದೆ.

ಆರತಿ ತಟ್ಟೆ ಕೈಯಲ್ಲಿದ್ದವಳಿಗೆ ಇಲ್ಲವೆನ್ನಲು ಬರಲಿಲ್ಲ. ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ಪುಸ್ತಕದ ಒಂದೊಂದು ಗುಡ್ಡೆಗೂ ಕುಂಕುಮ ಹಚ್ಚಿದಳು.

ದಸರೆಯ ಮುಂಜಾನೆ ರದ್ದಿಯವ ಬಂದು ಮಂಚ ನೋಡಿ ಚಪ್ಪಲಿ ಬಿಟ್ಟ. “ಅಕ್ಕಾರ, ಪೂಜಿ ಆದದ್ದನ್ನ ತಕ್ಕಡ್ಯಾಗ ಹ್ಯಾಂಗ ಇಡ್ಲಿ?” ಕೈ ಮುಗಿದು ಹೋದ. ಗೆದ್ದೆನೆಂದುಕೊಂಡೆ.

ಅಕ್ಕ ಬಂದರು. ಹೋಳಿಗೆ ಊಟವಾಯಿತು. ಇನ್ನು ಕಪಾಟು ಮಾಡೋಣವೆಂದು ಎದ್ದರೆ ಪೂಜೆಯ ಮಣೆ ಖಾಲಿ.

“ಸುತ್ತಿಗಿ ಎಲ್ಲಿ?”

“ತೋರಣದ ಮೊಳಿ ಕಿತ್ತೈತಿ ಅಂತ ಕಾಕಾ ಒಯ್ದ್ರು. ಹಬ್ಬದ ದಿನ ಬಾಗಲಕ್ಕ ಬಂದವರನ್ನ ಬರಿಗೈಲೆ ಕಳಸಾಕ ಬರ್ತೈತೇನ್ರಿ?”

ಒಳಗೆ ನಾನು ಮಲಗುವ ಮಂಚದ ಮೇಲೆ ಅಕ್ಕ ಆಗಲೇ ಅಡ್ಡಾಗಿದ್ದರು. ಪಡಸಾಲೆಯ ಮಂಚದಿಂದ ಪುಸ್ತಕ ಇಳಿಸತೊಡಗಿದೆ.

“ಪೂಜಿ ಆದದ್ದನ್ನ ನೆಲಕ್ಕ ಇಡ್ತೀರಿ? ಕಾಲ ತಾಗ್ತಾವ!”

“ಮತ್ತ ನಾ ಎಲ್ಲಿ ಮಲಗ್ಲಿ?”

ಅವಳು ಮೂಲೆಯ ಚಾಪೆ ತಂದು ನನ್ನ ಕೈಗಿತ್ತಳು. “ಪೂಜಿ ಆದವು ಮ್ಯಾಲ. ಆಗದವರು ಕೆಳಗ.”

ಒಳಗೆ ಅಕ್ಕ ನಕ್ಕದ್ದು ಕೇಳಿಸಿತು. ನೆಲದ ಮೇಲೆ ಚಾಪೆ ಹಾಸಿ ಕಣ್ಣು ಮುಚ್ಚಿದೆ. ಓಣಿಯಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದರು. ಕಾಕಾನ ಮನೆಯಲ್ಲಲ್ಲ, ಅಲ್ಲಿಂದ ಆಗಲೇ ಎರಡು ಮನೆ ಮುಂದೆ. ಪೆಟ್ಟಿನ ಸಪ್ಪಳ ಗಟ್ಟಿಯಾಗಿತ್ತು. ಮಾವ ಒಳ್ಳೆಯದನ್ನೇ ಆರಿಸಿದ್ದರು.