ಗುಂಡಮ್ಮನ ಎಡಗಡೆ ದೀಪ

ನಲವತ್ತು ವರ್ಷ ಮನುಷ್ಯರ ನರಗಳನ್ನು ನೋಡಿದವನಿಗೆ ಎರಡು ವೈರು ಯಾವ ಲೆಕ್ಕ? ಈ ಪ್ರಶ್ನೆಯನ್ನು ನಾನೇ ಕೇಳಿಕೊಂಡೆ, ಉತ್ತರವನ್ನೂ ನಾನೇ ಕೊಟ್ಟುಕೊಂಡೆ. ಅನಾಹುತ ಶುರುವಾದದ್ದು ಅಲ್ಲಿಂದ.

ವೃತ್ತಿಯಿಂದ ನಾನು ನರರೋಗ ತಜ್ಞ, ಈಗ ನಿವೃತ್ತ. ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ, ವಿಮಾನಗಳು ಹೆಂಚು ಸವರಿಕೊಂಡು ಇಳಿಯುವ ಬೀದಿಯಲ್ಲಿ ನಮ್ಮ ಮನೆ. ಮನೆಯ ಮುಂದೆ ಕಾರಿನ ಪಕ್ಕದಲ್ಲಿ ಒಂದು ಹಳೆಯ ಕ್ಯಾರವಾನ್ ನಿಂತಿದೆ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಎರಡು ಚಕ್ರದ ಪುಟ್ಟ ಮನೆ ಅದು. ಒಳಗೆ ಎರಡು ಮಂಚ, ಒಂದು ಒಲೆ, ಒಂದು ನಲ್ಲಿ, ನಾಲ್ಕು ದೀಪ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡದು. ಅದರ ಮೈಕಟ್ಟು ನೋಡಿ ನನ್ನ ಹೆಂಡತಿ ಲಲಿತ, ಕೊಂಡ ದಿನವೇ ಗುಂಡಮ್ಮ ಎಂದು ಹೆಸರಿಟ್ಟಳು. ಪ್ರತಿ ಬೇಸಿಗೆಯಲ್ಲೂ ಗುಂಡಮ್ಮನನ್ನು ಎಳೆದುಕೊಂಡು ವೇಲ್ಸ್‌ನ ಸಮುದ್ರತೀರಕ್ಕೆ ಹೋಗುತ್ತಿದ್ದೆವು. ಬಲಗಡೆ ಮಂಚ ನನ್ನದು, ಎಡಗಡೆಯದು ಲಲಿತಳದು.

ಆ ಎಡಗಡೆ ಮಂಚದ ಮೇಲಿನ ದೀಪ ಹದಿನಾಲ್ಕು ವರ್ಷದಿಂದ ಉರಿದಿರಲಿಲ್ಲ.

ಹದಿನಾಲ್ಕು ವರ್ಷವೂ ಅವಳು ಹೇಳಿದ್ದು ಒಂದೇ ಮಾತು, ಆ ದೀಪ ಒಂದು ಸರಿ ಮಾಡ್ರೀ ಅಂತ. ನಾನು ಹೇಳಿದ್ದೂ ಒಂದೇ ಮಾತು, ನಾಳೆ ಅಂತ. ಆಸ್ಪತ್ರೆಯ ಆನ್‌ಕಾಲ್ ಇದೆ, ನಾಳೆ. ಡ್ಯೂಟಿ ಪಟ್ಟಿಯ ರೋಟಾ ಬದಲಾಗಿದೆ, ನಾಳೆ. ಮಳೆ ಬರ್ತಿದೆ, ನಾಳೆ. ಮ್ಯಾಂಚೆಸ್ಟರಿನಲ್ಲಿ ಇರುವವನಿಗೆ ಮಳೆಯ ನೆಪ ಎಂದೂ ಕೈಕೊಡುವುದಿಲ್ಲ. ಅವಳು ಟಾರ್ಚನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು ಕಾದಂಬರಿ ಓದುತ್ತಿದ್ದಳು. ಒಂದು ಸಲ ಮಾತ್ರ ಪುಸ್ತಕ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ನಮ್ಮ ಕಡೆ ದೆವ್ವ ಒಳಗೆ ಬರಬಾರದು ಅಂತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಾರೆ. ನೀವು ಕಟ್ಟಿಕೊಂಡ ಹೆಂಡತಿಗೇ ಅದನ್ನ ಹೇಳ್ತಾ ಇದ್ದೀರಲ್ರೀ."

ನಾನು ನಕ್ಕೆ, ಅವಳೂ ನಕ್ಕಳು. ದೀಪ ಹಾಗೇ ಉಳಿಯಿತು. ಈ ವರ್ಷ ಸಂಕ್ರಾಂತಿ ಕಳೆದು ಒಂಬತ್ತನೆಯ ದಿನ ಲಲಿತ ಹೋದಳು. ಈಗ ನನ್ನ ಹತ್ತಿರ ನಾಳೆಗಳು ಬೇಕಾದಷ್ಟಿವೆ, ಕೇಳುವವಳು ಇಲ್ಲ.

ಮೇ ತಿಂಗಳಲ್ಲಿ ಮಗಳು ಚೈತ್ರ ಲೀಡ್ಸ್‌ನಿಂದ ಬಂದಳು. ಇಲ್ಲೇ ಹುಟ್ಟಿದವಳು, ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ನಮ್ಮ ಸಂಸಾರ ಹೀಗೇ ನಡೆದುಬಂದಿದೆ. ಮುಂದಿನ ಶನಿವಾರ ಮತ್ತೆ ಬಂದು ಗುಂಡಮ್ಮನನ್ನು ಲೀಡ್ಸ್‌ಗೆ ಒಯ್ಯುತ್ತೇನೆ, ಅಲ್ಲಿ ಗ್ಯಾರೇಜಿನವರು ಹಳೆಯ ವೈರು, ಹಳೆಯ ದೀಪ ಎಲ್ಲವನ್ನೂ ಕಿತ್ತುಹಾಕಿ ಹೊಸ ಎಲ್‌ಇಡಿ ಹಾಕಿಕೊಡುತ್ತಾರೆ, ಆಮೇಲೆ ನಾವಿಬ್ಬರೂ ಅಮ್ಮನ ಸಮುದ್ರಕ್ಕೆ ಹೋಗಿಬರೋಣ ಎಂದಳು. ಒಳ್ಳೆಯ ಮಾತೇ. ಆದರೆ ಲಲಿತ ಅಷ್ಟು ವರ್ಷ ಕೇಳಿದ ದೀಪ ಒಂದು ಸಲವೂ ಉರಿಯದೆ ಕಸಕ್ಕೆ ಹೋಗುತ್ತದೆ ಎಂಬುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಶನಿವಾರದೊಳಗೆ ನಾನೇ ಸರಿ ಮಾಡುತ್ತೇನೆ, ಉರಿದರೆ ಹಳೆಯದೇ ಇರಲಿ, ಉರಿಯದಿದ್ದರೆ ಕಿತ್ತುಹಾಕಿಸು ಎಂದೆ. ಚೈತ್ರ ಓಕೆ ಅಪ್ಪ ಎಂದಳು. ಆಸ್ಪತ್ರೆಯಲ್ಲಿ ರೋಗಿಯ ಮುಂದೆ ನೆಂಟರು ಹೇಳುವ ಓಕೆ ಅದು, ನನಗೆ ಚೆನ್ನಾಗಿ ಗೊತ್ತು.

ಸೋಮವಾರ ಬೆಳಿಗ್ಗೆ ಶುಭ ಮುಹೂರ್ತದಲ್ಲಿ ಆಪರೇಷನ್ ಆರಂಭವಾಯಿತು. ಅಡುಗೆಮನೆಯ ಬಲ್ಬು ಇದಕ್ಕೆ ಕೂರುವುದಿಲ್ಲ ಎಂದು ತಿಳಿಯಲು ಒಂದು ಬಲ್ಬನ್ನು ಒಡೆಯಬೇಕಾಯಿತು. ಗುಂಡಮ್ಮನದು ಕಾರಿನ ಹಾಗೆ ಬ್ಯಾಟರಿ ಕರೆಂಟು, ಅದಕ್ಕೆ ಬೇರೆಯೇ ಪುಟ್ಟ ಬಲ್ಬು. ಅದನ್ನು ತಂದು ಹಾಕಿದೆ. ಉರಿಯಲಿಲ್ಲ. ರೋಗ ಆಳದಲ್ಲಿದೆ ಎಂದು ತೀರ್ಮಾನಿಸಿ ಗೋಡೆಯ ಹಲಗೆ ಬಿಚ್ಚಿದೆ. ಒಳಗೆ ಹನ್ನೆರಡು ವೈರು! ಮನುಷ್ಯನ ಮಿದುಳಿನಿಂದ ಹೊರಡುವ ನರಗಳೂ ಹನ್ನೆರಡು ಜೊತೆ. ನನಗೆ ಮೈ ಜುಮ್ಮೆಂದಿತು. ಗಾಯದ ಬಟ್ಟೆಗೆ ಅಂಟಿಸುವ ಬಿಳಿ ಟೇಪಿನ ಮೇಲೆ ಶಾಯಿ ಪೆನ್ನಿನಲ್ಲಿ ಒಂದರಿಂದ ಹನ್ನೆರಡರವರೆಗೆ ಬರೆದು, ಒಂದೊಂದು ವೈರಿಗೂ ಅಂಟಿಸಿ, ಎಲ್ಲವನ್ನೂ ಬಿಚ್ಚಿಹಾಕಿದೆ. ಬಿಚ್ಚುವಾಗ ಎಡಗಡೆ ದೀಪದ ಸ್ವಿಚ್ಚು ಎರಡು ತುಂಡಾಯಿತು. ದೊಡ್ಡ ಆಪರೇಷನ್ನಿನಲ್ಲಿ ಇಷ್ಟು ರಕ್ತ ಹೋಗುವುದು ಸಹಜ ಎಂದುಕೊಂಡು ಊಟಕ್ಕೆ ಹೋದೆ.

ಗುಂಡಮ್ಮನ ಚಾವಣಿಯ ಕಿಟಕಿ ಮುಚ್ಚಿರಲಿಲ್ಲ. ಮೊಸರನ್ನ ಮುಗಿಸಿ ಬರುವಷ್ಟರಲ್ಲಿ ಮಳೆ ಬಂದು ಹೋಗಿತ್ತು. ಹನ್ನೆರಡು ಟೇಪಿನ ಮೇಲೂ ಒಂದೇ ನೀಲಿ ಕಲೆ. ಹದಿನಾಲ್ಕು ವರ್ಷ ನಾನು ನೆಪ ಮಾಡಿಕೊಂಡ ಮಳೆ ಆವತ್ತು ಬಂದು ಬಾಕಿ ವಸೂಲಿ ಮಾಡಿಕೊಂಡಿತು.

ಮಂಗಳವಾರ ಅಂದಾಜಿನ ಮೇಲೆ ಜೋಡಿಸಿದೆ. ಒಲೆಯ ಮೇಲಿನ ದೀಪದ ಸ್ವಿಚ್ಚು ಒತ್ತಿದರೆ ನೀರಿನ ಪಂಪು ಗೊರಗುಟ್ಟಿತು. ನಲ್ಲಿ ತಿರುಗಿಸಿದರೆ ಬಾಗಿಲ ಹತ್ತಿರದ ದೀಪ ಹತ್ತಿತು. ಎಡಗಡೆ ದೀಪಕ್ಕೆ ಮಾತ್ರ ಯಾವುದರ ಸಂಬಂಧವೂ ಇಲ್ಲ. ಬುಧವಾರ ಫ್ಯೂಸು ಹೋಗತೊಡಗಿತು, ಮನೆಯಲ್ಲಿದ್ದ ಮೂರೂ ಟಪ್ ಟಪ್ ಎಂದು ಹೋದವು. ಆಗ ತುಮಕೂರಿನ ಸೋದರಮಾವ ನೆನಪಾದರು. ಅವರ ಮನೆಯಲ್ಲಿ ಫ್ಯೂಸು ಹೋದರೆ ಹಳೆಯ ವೈರಿನಿಂದ ಒಂದು ತಂತಿಯ ಎಳೆ ಕಿತ್ತು ಸುತ್ತಿಬಿಡುತ್ತಿದ್ದರು. ಒಂದು ನಿಲ್ಲದಿದ್ದರೆ ಎರಡು. ನಾನು ಮಾವನಿಗಿಂತ ಹೆಚ್ಚು ಓದಿದವನು. ಒಂದೇ ಸಲಕ್ಕೆ ಎಂಟು ಎಳೆ ಸುತ್ತಿದೆ. ಫ್ಯೂಸು ಹೋಗಲಿಲ್ಲ. ಅದರ ಬದಲು ವೈರೇ ಹೊತ್ತಿಕೊಂಡಿತು.

ಬ್ಯಾಟರಿಯ ತಂತಿ ಕಿತ್ತೆಸೆದು, ಒದ್ದೆ ಟವೆಲಿನಿಂದ ಬಡಿದು ಬೆಂಕಿ ನಂದಿಸಿದೆ. ಹೊಗೆ ಕಡಿಮೆಯಾದ ಮೇಲೆ ನೋಡಿದರೆ ಎಡಗಡೆ ಕಿಟಕಿಯ ಪರದೆ ಅಂಗೈ ಅಗಲ ಸುಟ್ಟಿತ್ತು. ಅದು ಲಲಿತಳ ಹಳೆಯ ಇಳಕಲ್ ಸೀರೆ. ಸೆರಗು ಹಾಳು ಮಾಡಬಾರದೆಂದು ಲೆಕ್ಕಹಾಕಿ ಕತ್ತರಿಸಿ, ಕೈಯಲ್ಲೇ ಹೊಲಿದಿದ್ದಳು. ಸುಟ್ಟದ್ದು ಸೆರಗೇ. ನಾನು ಅವಳ ಮಂಚದ ಮೇಲೆ ಕೂತು ಅತ್ತುಬಿಟ್ಟೆ. ಹೊಗೆಗೆ ಕಣ್ಣೀರು ಬಂತು ಎಂದು ಸುಳ್ಳು ಹೇಳೋಣವೆಂದರೆ ಅದಕ್ಕೂ ಅಲ್ಲಿ ಯಾರೂ ಇರಲಿಲ್ಲ.

ಹೊಗೆ ಕಂಡು ಓಡಿ ಬಂದವನು ಪಕ್ಕದ ಮನೆಯ ಬ್ರಯಾನ್. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಒಳಗೆಲ್ಲ ಕಣ್ಣಾಡಿಸಿ, ಇದನ್ನು ಮಾಡಿದ್ದು ನೀನೇನಾ, ಇಲ್ಲ ಯಾರಾದರೂ ಕಳ್ಳರು ನುಗ್ಗಿದ್ದರಾ ಎಂದು ಬಹಳ ವಿನಯದಿಂದ ಕೇಳಿದ. ನಾನು ಮೂರು ದಿನದಲ್ಲಿ ಕೆಡಿಸಿದ್ದನ್ನು ಮೊದಲಿನಂತೆ ಮಾಡಲು ಅವನಿಗೆ ಎರಡು ದಿನ ಹಿಡಿಯಿತು. ಶುಕ್ರವಾರ ಮಧ್ಯಾಹ್ನ ಪಂಪಿನ ಕೆಲಸವನ್ನು ಪಂಪು, ದೀಪದ ಕೆಲಸವನ್ನು ದೀಪ ಮಾಡತೊಡಗಿದವು. ಎಡಗಡೆಯದು ಮಾತ್ರ ಕತ್ತಲು. ಮುರಿದ ಸ್ವಿಚ್ಚಿನ ಎರಡು ವೈರನ್ನು ಸದ್ಯಕ್ಕೆ ನೇರವಾಗಿ ಸೇರಿಸಿ ಟೇಪು ಸುತ್ತಿದ. ಹೊಸ ಸ್ವಿಚ್ಚು ತಂದು ನೀನೇ ಹಾಕು, ಹತ್ತು ನಿಮಿಷದ ಕೆಲಸ ಎಂದ. ಆಮೇಲೆ ಕೂತು, ಈ ದೀಪ ಕೆಟ್ಟದ್ದು ಯಾವಾಗ, ಹೇಗೆ, ಇದರ ಹತ್ತಿರ ಯಾರು ಏನು ಮಾಡುತ್ತಿದ್ದರು ಎಂದು ಒಂದೊಂದಾಗಿ ಕೇಳತೊಡಗಿದ.

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ನಾನು ಕಲಿಸಿದ್ದೇ ಅದು: ಮೊದಲು ರೋಗಿಯ ಕಥೆ ಕೇಳಿ, ಮಂಡಿ ತಟ್ಟುವ ಸುತ್ತಿಗೆ ಆಮೇಲೆ ಎತ್ತಿ.

ಬ್ರಯಾನ್ ದೀಪದ ಕೆಳಗೆ ಟಾರ್ಚು ಬಿಟ್ಟ. ಅಲ್ಲೊಂದು ಪುಟ್ಟ ಹಿತ್ತಾಳೆಯ ತಗಡು, ಅದರ ಮೇಲೊಂದು ಸ್ಕ್ರೂ. ದೀಪದ ವೈರು ಬಂದು ಸೇರುವುದು ಅಲ್ಲಿಗೇ. ಅದರ ಮೇಲೆ ದಪ್ಪಗೆ ಏನೋ ಗಟ್ಟಿಯಾಗಿತ್ತು. ಇಷ್ಟು ಕೆಂಪು ತುಕ್ಕನ್ನು ನಾನು ಯಾವ ಬಸ್ಸಿನಲ್ಲೂ ನೋಡಿಲ್ಲ ಎಂದು ಅವನು ಬೆರಳಿನಿಂದ ಉಜ್ಜಿದ. ನಾನು ಬಗ್ಗಿ ನೋಡಿದೆ. ತುಕ್ಕಲ್ಲ. ಕುಂಕುಮ. ಅದರ ಕೆಳಗೆ ಅರಿಶಿನ. ಸ್ಕ್ರೂವಿನ ಸಂದಿಯಲ್ಲಿ ಮೂರು ಅಕ್ಷತೆ ಕಾಳು.

ಪ್ರತಿ ವರ್ಷ ಆಯುಧಪೂಜೆಗೆ ಲಲಿತ ಕಾರಿಗೆ, ಮಿಕ್ಸಿಗೆ, ನಾನು ಮಂಡಿಗೆ ತಟ್ಟುವ ಸುತ್ತಿಗೆಗೆ ಅರಿಶಿನ ಕುಂಕುಮ ಇಟ್ಟು ಕೊನೆಗೆ ಗುಂಡಮ್ಮನ ಹತ್ತಿರ ಬರುತ್ತಿದ್ದಳು. ತಟ್ಟೆ ಹಿಡಿದುಕೊಳ್ಳುವುದು ನನ್ನ ಕೆಲಸ. ಹೋದ ಅಕ್ಟೋಬರಿನಲ್ಲಿ ಅವಳಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ನಾನು ಮೊಣಕೈ ಹಿಡಿದು ಹತ್ತಿಸಿದ್ದೆ. ಮಂಚದ ಮೇಲೆ ಕೂತು ಏದುಸಿರು ಬಿಡುತ್ತಾ, ನೀರಲ್ಲಿ ಕಲಸಿದ ಅರಿಶಿನವನ್ನು ಎಂದಿನಂತೆ ಈ ತಗಡಿಗೆ ಹಚ್ಚಿ, ಮೇಲೆ ಕುಂಕುಮ ಇಟ್ಟಳು. ಮತ್ತೆ ಇನ್ನೊಮ್ಮೆ ಇಟ್ಟಳು.

"ಎಲ್ಲದಕ್ಕೂ ಒಂದ್ಸಲ, ಇದಕ್ಕೆ ಮಾತ್ರ ಎರಡು ಸಲ. ನೀವಂತೂ ಮಾಡಲ್ಲ, ದೇವರಾದ್ರೂ ಮಾಡ್ಲಿ."

ತಟ್ಟೆ ಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದೆ. ಆಗಲೂ ಆ ಸ್ಕ್ರೂ ನನ್ನ ಕಣ್ಣಿಗೆ ಬೀಳಲಿಲ್ಲ.

ಬ್ರಯಾನ್ ತೀರ್ಪು ಹೇಳಿದ. ಬಲ್ಬು ಕೆಟ್ಟಿರಲಿಲ್ಲ, ವೈರು ಕೆಟ್ಟಿರಲಿಲ್ಲ. ಮೊದಲು ಈ ಸ್ಕ್ರೂ ಸ್ವಲ್ಪ ಸಡಿಲವಾಗಿದೆ, ಆಮೇಲೆ ವರ್ಷ ವರ್ಷ ಈ ಪುಡಿ ಸಂದಿಯೊಳಗೆ ಇಳಿದಿದೆ. ಹದಿನಾಲ್ಕು ವರ್ಷದ ಹಿಂದೆ ಅರ್ಧ ಸುತ್ತು ಬಿಗಿ ಮಾಡಿದ್ದರೆ ಸಾಕಿತ್ತು. ಅವಳು ನನ್ನನ್ನು ಕೇಳಿದ್ದು, ಆಮೇಲೆ ದೇವರನ್ನು ಕೇಳಿದ್ದು, ಎರಡೂ ಈ ಅರ್ಧ ಸುತ್ತಿಗಾಗಿ.

ತೀರ್ಪು ಮುಗಿಸಿ ಅವನು ಜೇಬಿನಿಂದ ಉಜ್ಜುಕಾಗದ ತೆಗೆದ. ನಾನು ಅವನ ಕೈ ಹಿಡಿದುಕೊಂಡೆ. ದೀಪ ಉರಿಯಬೇಕಾದರೆ ಅವಳ ಬೆರಳು ಇಟ್ಟದ್ದು ಹೋಗಬೇಕು. ಅದು ಉಳಿಯಬೇಕಾದರೆ ದೀಪ ಉರಿಯುವುದಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ತಿಳಿಯದೆ, ಇದು ನನ್ನ ಹೆಂಡತಿ ಹಚ್ಚಿದ್ದು ಎಂದಷ್ಟೇ ಹೇಳಿದೆ. ಬ್ರಯಾನ್ ಉಜ್ಜುಕಾಗದವನ್ನು ನನ್ನ ಕೈಯಲ್ಲಿಟ್ಟು, ಟೀ ಮಾಡಿಕೊಂಡು ಬರುತ್ತೇನೆ ಎಂದು ತನ್ನ ಮನೆಗೆ ಹೋದ. ಟೀ ಬರಲು ಮುಕ್ಕಾಲು ಗಂಟೆಯಾಯಿತು.

ಕುಂಕುಮವನ್ನು ಚಮಚದಿಂದ ಮೆಲ್ಲಗೆ ಕೆರೆದು, ಅವಳ ಕನ್ನಡಕದ ಡಬ್ಬಿಯೊಳಗೆ ಹಾಕಿದೆ. ಮೂರು ಅಕ್ಷತೆಯನ್ನೂ ಹಾಕಿದೆ. ತಗಡನ್ನು ಹೊಳೆಯುವಂತೆ ಉಜ್ಜಿ, ಬ್ರಯಾನ್ ಬಿಟ್ಟುಹೋದ ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿದೆ. ನಾಳೆ ಎಂಬ ಮಾತು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಹಿಡಿಯಿತು. ದೀಪ ಹತ್ತಿತು. ಅವಳ ದಿಂಬಿನ ಮೇಲೆ ಹಳದಿ ಬೆಳಕು ಬಿತ್ತು.

"ಲಲಿತಾ, ಹತ್ತಿತು ಕಣೇ," ಅಂದೆ. ಅಭ್ಯಾಸ ನೋಡಿ.

ಶನಿವಾರ ಚೈತ್ರ ಬಂದವಳು ನೇರ ಗುಂಡಮ್ಮನ ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಇಣುಕಿದಾಗ ಅಮ್ಮನ ಮಂಚದ ಮೇಲೆ, ಆ ದೀಪದ ಕೆಳಗೆ, ಸುಟ್ಟ ಸೆರಗನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕನ್ನಡಕದ ಡಬ್ಬಿ ತೆರೆದು ತೋರಿಸಿದೆ, ನಡೆದದ್ದನ್ನೆಲ್ಲ ಹೇಳಿದೆ. ಅವಳು ಗ್ಯಾರೇಜಿಗೆ ಫೋನ್ ಮಾಡಿ, ಬರುವುದಿಲ್ಲ ಎಂದಳು. ಜೀವಮಾನದಲ್ಲಿ ಮೊದಲ ಸಲ ಒಂದು ಮನೆಗೆಲಸವನ್ನು ಪೂರೈಸಿದ ಗಂಡಸಿನಂತೆ ಬಾಗಿಲಲ್ಲಿ ಕೈಕಟ್ಟಿ ನಿಂತೆ.

ಹಗಲಲ್ಲಿ ಯಾಕೆ ದೀಪ ಎಂದು ಆರಿಸಲು ಅವಳು ಗೋಡೆ ತಡವಿದಳು. ಸ್ವಿಚ್ಚು ಇರಬೇಕಾದ ಕಡೆ ಟೇಪು ಸುತ್ತಿದ ಎರಡು ವೈರು ಸಿಕ್ಕಿತು. ಅದನ್ನು ಹಿಡಿದು ನನ್ನ ಕಡೆ ತಿರುಗಿ, ಎಂದೂ ಇಲ್ಲದೆ ಕನ್ನಡದಲ್ಲಿ, ಥೇಟ್ ಅವಳ ಅಮ್ಮನ ದನಿಯಲ್ಲಿ ಕೇಳಿದಳು.

"ಈ ಸ್ವಿಚ್ಚು ಯಾವಾಗ ಸರಿ ಮಾಡ್ತೀಯಾ ಅಪ್ಪ?"

ಆನ್‌ಕಾಲ್ ಇರಲಿಲ್ಲ. ರೋಟಾ ಇರಲಿಲ್ಲ. ಹೊರಗೆ ಮಳೆಯೂ ಇರಲಿಲ್ಲ, ಒಳ್ಳೆಯ ಬಿಸಿಲು.

"ನಾಳೆ," ಅಂದೆ.