ಚಕ್ಕುಲಿಯಿಂದ ಚಳವಳಿಗೆ

ಮೈಯಲ್ಲಿರುವ ಭಾಗಗಳಿಗೆಲ್ಲ ಹೆಸರು ಗೊತ್ತಿರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರು ಗೊತ್ತಾಯಿತೆಂದರೆ ಆ ಭಾಗ ಕೆಟ್ಟಿತೆಂದೇ ಅರ್ಥ. ಎಲುಬುಗಳನ್ನು ಬಿಗಿದಿಡುವ ಲಿಗಮೆಂಟ್ ಎಂಬ ಮಹಾಶಯನ ಪರಿಚಯ ನನಗಾದದ್ದು ಎಪ್ಪತ್ತರ ದಶಕದಲ್ಲಿ, ತಿರುವನಂತಪುರದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ. ಗೋಕುಲಾಷ್ಟಮಿಗೆ ಚಕ್ಕುಲಿ ಒತ್ತುತ್ತಿದ್ದೆ. ಹಿಟ್ಟು ಗಟ್ಟಿಯಾಗಿತ್ತು. “ತಾಳ್ರೀ, ಒಂಚೂರು ನೀರು ಹಾಕಿ ಕಲಸಿಕೊಡ್ತೀನಿ,” ಎಂದಳು ಹೆಂಡತಿ ಸರೋಜ. ಬ್ಯಾಂಕಿನಲ್ಲಿ ಎಲ್ಲರ ಮಾತೂ ಕೇಳುವವನು ಮನೆಯಲ್ಲಾದರೂ ಗಂಡಸಾಗಬೇಡವೇ? ಒರಳಿನ ಹಿಡಿಯನ್ನು ಬಲವಾಗಿ ತಿರುಗಿಸಿದೆ. ಚಕ್ಕುಲಿ ಬರಲಿಲ್ಲ, ಬಲಗೈ ಮಣಿಕಟ್ಟಿನೊಳಗೆ ಏನೋ ಪಟ್ಟೆಂದಿತು.

ಕೊಚ್ಚಿಯಲ್ಲಿ ಭಾವಮೈದುನನಿದ್ದ, ಆಪರೇಷನ್ ಅಲ್ಲೇ ಆಯಿತು. ಡಾಕ್ಟರು ಮಾತುಗಾರರು. ಹೊರದೇಶದಲ್ಲಿ ಮಂಡಿಗೆ ಸಣ್ಣ ತೂತು ಮಾಡಿ, ದುರ್ಬೀನಿನಂಥ ಕೊಳವೆ ತೂರಿಸಿ ಒಳಗೆಲ್ಲ ನೋಡುತ್ತಾರಂತೆ. ಹೋಟೆಲಿನಲ್ಲಿ ಪಕ್ಕದವನ ತಟ್ಟೆ ತೋರಿಸುವವನಂತೆ ನನಗೂ ಅದೇ ಇರಲಿ ಎಂದೆ. ಆ ಕೊಳವೆ ಇನ್ನೂ ನಮ್ಮ ಮಣಿಕಟ್ಟಿನ ತನಕ ಬಂದಿಲ್ಲವೆಂದು ನಕ್ಕು, ಕುಯ್ದೇ ಹೊಲಿದರು. ಮೇಲೊಂದು ಪ್ಲಾಸ್ಟರು. ಕಳಿಸುವಾಗ ಕೊಟ್ಟ ಆಜ್ಞೆ ಒಂದೇ: ಕೈ ಸದಾ ಎದೆಗಿಂತ ಮೇಲಿರಬೇಕು, ಇಳಿಬಿಟ್ಟರೆ ಊದುತ್ತದೆ.

ಆಗ ನಮಗಿದ್ದ ಆಸೆಯೂ ಒಂದೇ, ಮೈಸೂರಿಗೆ ವರ್ಗ. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳಂನಲ್ಲಿ ಉತ್ತರ ಕೊಡತೊಡಗಿದ್ದಳು. “ಇವ್ಳು ನಮ್ಮಮ್ಮನ ಹತ್ರ ಯಾವ ಭಾಷೇಲಿ ಮಾತಾಡ್ತಾಳ್ರೀ?” ಎಂದು ಸರೋಜ ಕಣ್ಣೀರು ಹಾಕಿದ್ದಳು. ಮ್ಯಾನೇಜರರನ್ನು ಗುಟ್ಟಾಗಿ ಕೇಳಿಕೊಂಡಿದ್ದೆ. ನೋಡೋಣ ಎಂದಿದ್ದರು. ಯೂನಿಯನ್ನಿನ ಗಾಳಿ ಸೋಕದವರಿಗೆ ಅವರು ಒಳ್ಳೆಯವರೇ.

ತಿರುವನಂತಪುರಕ್ಕೆ ವಾಪಸಾಗಿ ತಂಪಾನೂರು ಸ್ಟೇಷನ್ನಿನಲ್ಲಿ ರೈಲಿಳಿದು ಕೈ ಎತ್ತಿಕೊಂಡು ಹೊರಬಂದರೆ, ಎದುರಿಗೇ ನಮ್ಮ ಬ್ಯಾಂಕ್ ನೌಕರರ ಮೆರವಣಿಗೆ! ಆ ಊರಿನಲ್ಲಿ ಮುಷ್ಟಿ ಎತ್ತಿ ನಿಂತವನು ಸುಮ್ಮನೆ ನಿಂತಿದ್ದಾನೆಂದು ಯಾರೂ ನಂಬುವುದಿಲ್ಲ. ಯೂನಿಯನ್ ಲೀಡರ್ ಸುಕುಮಾರನ್ “ಸಖಾವೇ” ಎಂದು ತಬ್ಬಿಕೊಂಡು, ಈ ಸಂಗಾತಿ ಆಸ್ಪತ್ರೆಯಿಂದ ನೆಟ್ಟಗೆ ಇಲ್ಲಿಗೇ ಬಂದಿದ್ದಾರೆಂದು ಸಾರಿ, ಮುಂದಿನ ಸಾಲಿಗೆ ಎಳೆದೊಯ್ದ. ಕೈ ಇಳಿಸಿ ನೋಡಿದೆ. ಬೆರಳು ಜುಮ್ಮೆಂದವು, ಡಾಕ್ಟರು ನೆನಪಾದರು, ಮತ್ತೆ ಎತ್ತಿದೆ. ಅದಕ್ಕೂ ಜನ ಘೋಷಣೆ ಕೂಗಿದರು. ಸುಳ್ಳೇಕೆ ಹೇಳಲಿ, ನನಗೆ ಬಲು ಖುಷಿಯಾಯಿತು. ಬ್ಯಾಂಕಿನ ಮಾಳಿಗೆ ಕಿಟಕಿಯಲ್ಲಿ ಮ್ಯಾನೇಜರರ ಮುಖ ಕಾಣುವವರೆಗೂ ಖುಷಿಯಾಗಿಯೇ ನಡೆದೆ.

ಮರುದಿನ ಅವರು ಕರೆಸಿದರು. ಇಂಥ ಲೀಡರು ತಮ್ಮ ಶಾಖೆಗೆ ಬೇಡ, ಕೇಳಿದ ಮೈಸೂರಿಗೇ ತೊಲಗಲಿ ಎಂದು ವರ್ಗ ಮಾಡಿಸಿಬಿಟ್ಟರು! ಕೈ ನೋವೂ ಮರೆತುಹೋಯಿತು. ಸರೋಜ ಚಾಲೈ ಬಜಾರಿಗೆ ಓಡಿ ಹೊಸ ಟ್ರಂಕು ತಂದು ಸೀರೆ ಜೋಡಿಸತೊಡಗಿದಳು. ಆದರೆ ನಾನು ವರ್ಗ ಕೇಳಿದ್ದು ಯೂನಿಯನ್ನಿಗೆ ಗೊತ್ತಿರಲಿಲ್ಲ. ಹೋರಾಟಗಾರನಿಗೆ ಶಿಕ್ಷೆಯೇ ಎಂದು ಸಿಡಿದು ಮುಷ್ಕರ ಹೂಡಿದರು. ಆರ್ಡರು ರದ್ದಾಯಿತು. ಸುಕುಮಾರನ್ ಹಾರ ಹಿಡಿದು ಮನೆಗೇ ಬಂದ. ತಾನಿರುವವರೆಗೆ ನಮ್ಮನ್ನು ಈ ಊರಿನಿಂದ ಯಾರೂ ಕದಲಿಸಲಾರರೆಂದು ಮಾತು ಕೊಟ್ಟ. ನನಗೋಸ್ಕರ ಬಿಸಿಲಿನಲ್ಲಿ ನಿಂತು ಗಂಟಲು ಹರಿದುಕೊಂಡವನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಸರೋಜ ಟ್ರಂಕಿನಿಂದ ಸೀರೆ ತೆಗೆದಿಟ್ಟಳು.

ಮುಂದಿನ ಗೋಕುಲಾಷ್ಟಮಿಗೆ ಅವಳೇ ಚಕ್ಕುಲಿ ಒತ್ತಿದಳು. ನೈವೇದ್ಯವಾಗುವ ತನಕ ಮುಟ್ಟಬಾರದೆಂದದ್ದಕ್ಕೆ ಮಗಳು ಮುಷ್ಟಿ ಎತ್ತಿ, ಅಚ್ಚ ಮಲಯಾಳಂನಲ್ಲಿ ಘೋಷಣೆ ಶುರುಮಾಡಿದಳು. “ನೋಡಿ ನಿಮ್ಮ ಮಗಳನ್ನ,” ಎಂದು ಸರೋಜ ದುರುಗುಟ್ಟಿದಳು. ಬುದ್ಧಿ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಬಲಗೈ ತಾನಾಗಿಯೇ ಮೇಲೆದ್ದಿತ್ತು.