ಹಾಜಿಯವರ ಆಮೆಗೆ ನನ್ನ ಕಾವಲು

ನಾನು ಯಾರ ಉಸಾಬರಿಗೂ ಹೋಗುವವನಲ್ಲ. ಉಸಾಬರಿಯೇ ನನ್ನ ಮನೆ ಕೇಳಿಕೊಂಡು ಬರುತ್ತದೆ. ಈ ಸಲ ಅದು ಪಂಜ ಊರಿನ ನಮ್ಮ ನೆರೆಮನೆಯ ಹಾಜಿಯವರ ಕೈಯಲ್ಲಿ, ಆಮೆಯ ರೂಪದಲ್ಲಿ ಬಂತು.

ಮಗಳ ಬಾಣಂತನಕ್ಕೆಂದು ಹಾಜಿಯವರು ಹೆಂಡತಿಯೊಂದಿಗೆ ದುಬೈಗೆ ಹೊರಟಿದ್ದರು. "ಮಾಸ್ಟ್ರೆ, ಎರಡು ತಿಂಗಳು ನೋಡಿಕೊಳ್ಳಿ. ಇದಕ್ಕೆ ಬಿಸಿಲು ಬೇಕು, ಒಳಗೆ ಕೂಡಿಹಾಕ್ಬೇಡಿ. ನರಿ, ಮುಂಗುಸಿ ಹತ್ರ ಬಾರದಿದ್ರೆ ಸಾಕು" ಎಂದರು. ಹನ್ನೊಂದು ವರ್ಷ ಮಗುವಿನಂತೆ ಸಾಕಿದ ಆಮೆ. ಗೇಟಿನ ತನಕ ಹೋದವರು ಮತ್ತೆ ಬಂದು ಅದರ ಬೆನ್ನು ಸವರಿ ಕಣ್ಣೊರೆಸಿಕೊಂಡರು. ಇದಕ್ಕೇನಾದರೂ ಆದರೆ ಇವರಿಗೆ ಮುಖ ತೋರಿಸುವುದು ಹೇಗೆಂದು ನನಗೆ ಅಂದೇ ಹೆದರಿಕೆ ಶುರುವಾಯಿತು.

ನಡೆಯುವ ಬುಟ್ಟಿ

ಮರುದಿನವೇ ಬೇಲಿಯ ಬಳಿ ಮುಂಗುಸಿ ಕಂಡಿತು. ನಮ್ಮಲ್ಲಿ ಕೋಳಿ ಮುಚ್ಚುವ ದೊಡ್ಡ ಬಿದಿರಿನ ಬುಟ್ಟಿಯೊಂದಿತ್ತು. ಒಳಗಿದ್ದ ಹೇಂಟೆಯನ್ನು ಹೊರಗೆ ಬಿಟ್ಟು, ಬುಟ್ಟಿಯನ್ನು ಆಮೆಯ ಮೇಲೆ ಕವುಚಿದೆ.

"ಕೋಳಿಗೆ ಎಂತ ಮಾಡುದು?" ಹೆಂಡತಿ ಕೇಳಿದಳು.

"ಅದಕ್ಕೆ ರೆಕ್ಕೆ ಉಂಟು. ಪಾಪದ ಆಮೆಗೆ ಎಂತ ಉಂಟು?"

"ಚಿಪ್ಪು ಉಂಟಲ್ಲ!"

ನಾನು ಕೇಳಿಸದವನಂತೆ ಹೇಂಟೆಯನ್ನು ತೋಟದ ಕಡೆಗೆ ಅಟ್ಟಿದೆ.

ಅಂದು ಇನ್ಶೂರೆನ್ಸ್ ಏಜೆಂಟರು ಬಂದರು. ಜಗಲಿಯಲ್ಲಿ ಕೂತು, ಮನುಷ್ಯನ ಜೀವಕ್ಕೆ ಭರವಸೆ ಇಲ್ಲ ಎಂದು ಚೆನ್ನಾಗಿ ವಿವರಿಸುತ್ತಿದ್ದರು. ಅಷ್ಟರಲ್ಲಿ ಬುಟ್ಟಿ ಅಂಗಳದ ಆ ಮೂಲೆಯಿಂದ ಹೊರಟು, ನಿಧಾನವಾಗಿ ಅವರ ಕಡೆಗೇ ಬರತೊಡಗಿತು. ಏಜೆಂಟರು ಎರಡೂ ಕಾಲು ಜಗಲಿಯ ಮೇಲೆ ಎತ್ತಿಕೊಂಡರು.

"ಮಾಸ್ಟ್ರೆ, ನಿಮ್ಮಲ್ಲಿ ದೈವ, ಭೂತ ಎಂತಾದ್ರೂ ಉಂಟಾ?"

"ನಮ್ಮದಲ್ಲ, ಹಾಜಿಯವರದ್ದು" ಎಂದೆ, ಆಮೆಯ ವಿಷಯವೆಂದುಕೊಂಡು.

ಅವರ ಚಪ್ಪಲಿ ಇನ್ನೂ ನಮ್ಮಲ್ಲೇ ಇದೆ.

ಕೋವಿ ತರಲು ಹೋದದ್ದು

ಆಮೇಲೆ ಹಗಲಿನಲ್ಲೇ ನರಿ ಅಂಗಳಕ್ಕೆ ಬಂತು. ತೋಟಕ್ಕೆಂದು ನನ್ನಲ್ಲಿ ಲೈಸನ್ಸಿನ ಕೋವಿ ಉಂಟು. ಆದರೆ ಚುನಾವಣೆ ಬಂತೆಂದರೆ ನಮ್ಮ ಕೋವಿಗಳೆಲ್ಲ ಠಾಣೆಯಲ್ಲಿ ಡೆಪಾಸಿಟ್ ಆಗಬೇಕು. ಇದು ಚುನಾವಣೆಯ ಸಮಯ. ನರಿಗೆ ಅದು ಗೊತ್ತಿತ್ತೆಂದೇ ನನ್ನ ಗುಮಾನಿ.

ಠಾಣೆಗೆ ಹೋಗಿ ಇನ್‌ಸ್ಪೆಕ್ಟರ್ ಸಾಹೇಬರನ್ನು ಕಂಡೆ. "ಸರ್, ಎರಡು ದಿನಕ್ಕೆ ಕೋವಿ ಕೊಡಿ. ಸದ್ದು ಮಾಡಿ ನರಿ ಓಡಿಸುದು ಮಾತ್ರ."

"ನರಿ ತೋಟಕ್ಕೆ ಎಂತ ಮಾಡ್ತದೆ ಮಾರಾಯ್ರೆ?"

"ತೋಟಕ್ಕಲ್ಲ ಸರ್, ಆಮೆಗೆ."

ಸಾಹೇಬರು ಪೆನ್ನು ಕೆಳಗಿಟ್ಟರು. "ಆಮೆ ಸಾಕಿದ್ದೀರಾ? ಕೇಸ್ ಆಗ್ತದೆ, ಗೊತ್ತುಂಟಾ?"

ಕೋವಿ ತರಲು ಹೋದವನು ಸ್ಕೂಟರಿನ ಹಿಂದೆ ಸಾಹೇಬರು ಕರೆಸಿದ ಫಾರೆಸ್ಟ್ ಗಾರ್ಡನ್ನು ಕೂರಿಸಿಕೊಂಡು ಮನೆಗೆ ಬಂದೆ. ಅವರು ಹಾಜಿಯವರು ನಮ್ಮಲ್ಲಿ ಕೊಟ್ಟುಹೋಗಿದ್ದ ಆಮೆಯ ಕಾಗದಗಳನ್ನೆಲ್ಲ ಓದಿ, ಇದು ಆಫ್ರಿಕಾದ ಜಾತಿ, ದಾಖಲೆ ಸರಿ ಉಂಟು ಎಂದರು. ಎರಡು ಲೋಟ ಮಜ್ಜಿಗೆ ಕುಡಿದು, ಆಮೆಯ ಜೊತೆ ಸೆಲ್ಫಿ ತೆಗೆದು ಎದ್ದರು.

"ಹಾಗಾದ್ರೆ ನರಿಗೆ ಎಂತ ಮಾಡುದು?" ಎಂದು ಕೇಳಿದೆ.

"ಅದು ನಮ್ಮ ಕಾಡಿನ ಪ್ರಾಣಿ. ಅದಕ್ಕೆ ಉಪದ್ರ ಕೊಟ್ಟೀರಿ, ಜಾಗ್ರತೆ!"

ಹೆಬ್ಬಾವಿನ ಹೊಟ್ಟೆ

ಅಂತೂ ಎರಡು ತಿಂಗಳು ಕಳೆಯಿತು. ಹಾಜಿಯವರು ಬರುವ ದಿನ ಬೆಳಿಗ್ಗೆ ನೋಡಿದರೆ ಬುಟ್ಟಿ ಮಗುಚಿ ಬಿದ್ದಿದೆ, ಆಮೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ನೀರು ಹರಿಯುವ ತೋಡಿನ ಬದಿಯಲ್ಲಿ ಹೆಬ್ಬಾವು ಸಿಕ್ಕಿತು. ಹೊಟ್ಟೆ ಉಬ್ಬಿತ್ತು. ಹಾವು ಹಿಡಿಯುವವರು ಬಂದು, "ಎಂತದ್ದೋ ನುಂಗಿದೆ. ಸ್ವಲ್ಪ ಹೊತ್ತಲ್ಲಿ ಕಕ್ಕೀತು" ಎಂದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಹೆಂಡತಿ ಕೂಡ ತಮಾಷೆ ಮಾಡಲಿಲ್ಲ.

ಅಷ್ಟರಲ್ಲಿ ಹಾಜಿಯವರ ಕಾರು ಅವರ ಮನೆಯ ಕಡೆಗೆ ಹೋಯಿತು. ಬೇರೆಯವರು ಹೇಳುವ ಮೊದಲು ನಾನೇ ಹೇಳಬೇಕೆಂದು ಕಣ್ಣೀರು ಒರೆಸುತ್ತಾ ಹಿಂದೆ ಓಡಿದೆ. ಹೋಗಿ ನೋಡಿದರೆ ಹಾಜಿಯವರು ಆಮೆಯನ್ನು ಎತ್ತಿಕೊಂಡು ನಿಂತಿದ್ದಾರೆ! ಅದು ತನ್ನಷ್ಟಕ್ಕೆ ನಡೆದುಹೋಗಿ, ಬೀಗ ಹಾಕಿದ ಅವರ ಬಾಗಿಲಿನ ಎದುರು ಕೂತಿತ್ತಂತೆ.

"ಮಾಸ್ಟ್ರೆ, ಒಂದು ಗೀರು ಕೂಡ ಇಲ್ಲ! ನಾನು ಬರುದು ಗೊತ್ತಾಗಿ ಇಲ್ಲೇ ತಂದು ಬಿಟ್ಟಿದ್ದೀರಲ್ಲ!" ಎಂದು ನನ್ನನ್ನು ಅಪ್ಪಿಕೊಂಡರು. "ಅಳುದು ಯಾಕೆ?"

"ಸಂತೋಷಕ್ಕೆ" ಎಂದೆ. ಅದು ಆಗ ನಿಜವೂ ಆಗಿತ್ತು.

ತೋಡಿನ ಕಡೆಯಿಂದ ಹೆಂಡತಿ ಬಂದಳು. ಹೆಬ್ಬಾವು ಕಕ್ಕಿತ್ತು. ಒಳಗಿದ್ದದ್ದು ನಾನು ಬುಟ್ಟಿಯಿಂದ ಹೊರಗೆ ಬಿಟ್ಟ ನಮ್ಮ ಹೇಂಟೆ. ಅವಳು ನನ್ನನ್ನು ನೋಡಲೇ ಇಲ್ಲ, ನೇರವಾಗಿ ಹಾಜಿಯವರಿಗೆ ಹೇಳಿದಳು:

"ಮುಂದಿನ ತಿಂಗಳು ನಾವು ಊರಲ್ಲಿರುದಿಲ್ಲ. ಉಳಿದ ಕೋಳಿಗಳನ್ನು ಇಲ್ಲೇ ಬಿಟ್ಟು ಹೋಗ್ತೇನೆ. ನೀವು ನೋಡುದು ಬೇಡ, ನಿಮ್ಮ ಆಮೆಯೇ ನೋಡಿಕೊಂಡ್ರೆ ಸಾಕು."